ಕಡಲಿನ ಕೇಸ್ ಶೀಟ್: ಜರ್ಮನ್ ಜಲಾಂತರ್ಗಾಮಿಗಳ ದಿನಚರಿಯೂ ನಮ್ಮ ಕರಾವಳಿಯ ಹಡಗುಗಳೂ

(ರೆಂಟನ್‌ನಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರಾದವರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತನ್ನು ಬಿಟ್ಟು ಯುದ್ಧಕಾಲದ ಹಡಗುಗಳ ವಿಚಾರ ಹೇಳಲು ಎದ್ದು ನಿಂತರೆ ಸಭಿಕರಿಗೆ ಆಶ್ಚರ್ಯವಾಗುವುದು ಸಹಜ. ಆದರೆ ನಮ್ಮ ವೃತ್ತಿಗೂ ಈ ಹವ್ಯಾಸಕ್ಕೂ ಹತ್ತಿರದ ನಂಟಿದೆ. ರೋಗಿಯ ಕೇಸ್ ಶೀಟನ್ನು ಓದುವುದು ಹೇಗೆಂದು ಎಂ.ಬಿ.ಬಿ.ಎಸ್. ದಿನಗಳಲ್ಲಿ ನಮ್ಮ ಗುರುಗಳು ಕಲಿಸಿದರು. ಬರೆಯದೇ ಬಿಟ್ಟದ್ದು ನಡೆಯದ್ದೆಂದೇ ಲೆಕ್ಕವೆಂಬ ನಿಯಮವನ್ನು ಈ ದೇಶದ ರೆಸಿಡೆನ್ಸಿ ಕಲಿಸಿತು. ಮುಳುಗಿದ ಹಡಗಿನ ವೃತ್ತಾಂತವನ್ನು ಹುಡುಕುವವರಿಗೆ ಮೊದಲನೆಯ ಪಾಠ ನೂರಕ್ಕೆ ನೂರು ಉಪಯುಕ್ತ. ಎರಡನೆಯದನ್ನು ಮಾತ್ರ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು. ಏಕೆಂಬುದನ್ನು ವಿವರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ನಾವಿಂದು ಸೇರಿರುವ ರೆಂಟನ್ ಪಟ್ಟಣಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲದಿಲ್ಲ. ವಾಷಿಂಗ್ಟನ್ ಸರೋವರದ ದಡದಲ್ಲಿ 737 ವಿಮಾನಗಳನ್ನು ಜೋಡಿಸುವ ಬೋಯಿಂಗ್ ಕಾರ್ಖಾನೆ ಮೊದಲು ಹುಟ್ಟಿದ್ದು ನೌಕಾಪಡೆಗಾಗಿ. ನೀರಿನ ಮೇಲಿನಿಂದಲೇ ಏರಿ ಇಳಿಯುವ, ಕಡಲ ಮೇಲೆ ಬಹಳ ಹೊತ್ತು ಕಾವಲು ಹಾರಬಲ್ಲ 'ಸೀ ರೇಂಜರ್' ಎಂಬ ಭಾರಿ ವಿಮಾನವನ್ನು ಇಲ್ಲಿ ಕಟ್ಟಬೇಕೆಂದಿತ್ತು. 1942ರ ಜುಲೈಯಲ್ಲಿ ಅದು ಹಾರಿತು. ಆದರೆ ಒಂದೇ ಒಂದು ತಯಾರಾಗುವಷ್ಟರಲ್ಲಿ ಯೋಜನೆ ರದ್ದಾಗಿ, ಕಾರ್ಖಾನೆ ಬಿ-29 ಬಾಂಬರುಗಳ ಪಾಲಾಯಿತು. ಜಲಾಂತರ್ಗಾಮಿಗಳ ಭಯ ಈ ಊರಿನ ಇಟ್ಟಿಗೆಗಳಲ್ಲಿಯೂ ಇದೆಯೆಂದರೆ ತಪ್ಪಾಗಲಾರದು.

ನಮ್ಮ ಕರಾವಳಿಯ ಸಮೀಪದಲ್ಲಿ

ಜರ್ಮನ್ ಜಲಾಂತರ್ಗಾಮಿಗಳೆಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಅಟ್ಲಾಂಟಿಕ್ ಸಾಗರ. ಅವು ದಕ್ಷಿಣ ಕನ್ನಡದ ನೆರೆಗೂ ಬಂದಿದ್ದವು. 1943ರ ಬೇಸಿಗೆಯಲ್ಲಿ ಯುರೋಪಿನಿಂದ 11 ಜಲಾಂತರ್ಗಾಮಿಗಳ ಒಂದು ತಂಡ ಹಿಂದೂ ಮಹಾಸಾಗರಕ್ಕೆ ಹೊರಟಿತು. ಮಳೆಗಾಲ ಮುಗಿದೊಡನೆ ದಾಳಿ ಮಾಡುವ ಉದ್ದೇಶವಿದ್ದುದರಿಂದ ಅದಕ್ಕೆ 'ಮಾನ್ಸೂನ್' ತಂಡವೆಂದೇ ಹೆಸರು. ದಾರಿಯಲ್ಲಿ ಕೆಲವು ನಾಶವಾಗಿ, ಕೆಲವು ಹಿಂದಿರುಗಿ, ಕೊನೆಗೆ ನಮ್ಮ ಸಾಗರವನ್ನು ತಲುಪಿದವು ಐದೇ. ಅವುಗಳಲ್ಲಿ ಒಂದು ಒಟ್ಟೊಹೈನ್ರಿಖ್ ಯುಂಕರ್ ಎಂಬ ಅಧಿಕಾರಿಯ ಕೈಕೆಳಗಿನ ಯು-532.

ನೂಲು ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿಗಳನ್ನು ಇಳಿಸಿದ ನಮ್ಮ ಕರಾವಳಿಯ ಜನ, ನವರಾತ್ರಿಯನ್ನು ಮುಗಿಸಿದ್ದ ಹೊತ್ತು ಅದು. 1943ರ ಅಕ್ಟೋಬರ್ 11ರಂದು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ 'ಜಲಬಾಲ' ಎಂಬ ಸರಕು ಹಡಗನ್ನು ಯು-532 ಮುಳುಗಿಸಿತು. ಸ್ಥಳ ಸುಮಾರು 11 ಡಿಗ್ರಿ 40 ಮಿನಿಟು ಉತ್ತರ ಅಕ್ಷಾಂಶ, 75 ಡಿಗ್ರಿ 19 ಮಿನಿಟು ಪೂರ್ವ ರೇಖಾಂಶ. ಅಂದರೆ ತಲಶ್ಶೇರಿಯ ದಡದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಕಾಸರಗೋಡಿನಿಂದ ಸುಮಾರು ನೂರು ಕಿಲೋಮೀಟರು. ಅಕ್ಟೋಬರ್ 20ರಂದು ಅಲ್ಲಿಂದ ಹೆಚ್ಚು ದೂರವಿಲ್ಲದ ನೀರಿನಲ್ಲಿ 'ಬ್ರಿಟಿಷ್ ಪರ್ಪಸ್' ಎಂಬ ತೈಲದ ಹಡಗಿಗೆ ಟಾರ್ಪೆಡೊ ತಗಲಿತು; ಅದು ಮುಳುಗಲಿಲ್ಲ. ಆ ತಿಂಗಳ ಕೊನೆಯಲ್ಲಿ ಯು-532 ಜಪಾನಿಯರ ವಶದಲ್ಲಿದ್ದ ಪೆನಾಂಗ್ ಬಂದರನ್ನು ಸೇರಿತು.

ಜಲಬಾಲ ಪರದೇಶದವರ ಹಡಗಲ್ಲ ಎಂಬುದನ್ನು ಗಮನಿಸಬೇಕು. 1919ರಲ್ಲಿ ವಾಲ್‌ಚಂದ್ ಹೀರಾಚಂದ್ ಮೊದಲಾದವರು ಬ್ರಿಟಿಷ್ ಕಂಪನಿಗಳ ಏಕಸ್ವಾಮ್ಯಕ್ಕೆ ಎದುರಾಗಿ ಕಟ್ಟಿದ ಸ್ವದೇಶಿ ಸಂಸ್ಥೆಯ ಆಸ್ತಿ ಅದು. ಹಾಗಿದ್ದರೂ ಇಂಗ್ಲಿಷಿನಲ್ಲಿ ಅಚ್ಚಾದ ನಷ್ಟದ ಪಟ್ಟಿಗಳಲ್ಲಿ ಅದರ ರಾಷ್ಟ್ರೀಯತೆ 'ಬ್ರಿಟಿಷ್' ಎಂದೇ ದಾಖಲಾಗಿದೆ. ಪಟ್ಟಿಯನ್ನು ಓದುವವರು ಮೊದಲ ಎಚ್ಚರವನ್ನು ಇಲ್ಲಿಯೇ ವಹಿಸಬೇಕು.

ದಿನಚರಿಯ ಮೂರು ಅಂಕಣಗಳು

ಪ್ರತಿಯೊಂದು ಜರ್ಮನ್ ಜಲಾಂತರ್ಗಾಮಿಯೂ ಯುದ್ಧ ದಿನಚರಿಯೊಂದನ್ನು ಇಡಬೇಕಾಗಿತ್ತು. ಜರ್ಮನ್ ಭಾಷೆಯಲ್ಲಿ ಅದರ ಹೆಸರು 'ಕ್ರೀಗ್ಸ್‌ಟಾಗೆಬುಖ್'. ಮೊದಲ ಅಂಕಣದಲ್ಲಿ ತಾರೀಖು ಮತ್ತು ಗಂಟೆ. ಎರಡನೆಯದರಲ್ಲಿ ಸ್ಥಳ, ಗಾಳಿ, ಅಲೆ, ಬೆಳಕು, ಬೆಳದಿಂಗಳು. ಮೂರನೆಯದರಲ್ಲಿ ನಡೆದ ಸಂಗತಿ. ಟಾರ್ಪೆಡೊ ಬಿಟ್ಟಾಗಲೆಲ್ಲ ಅದರ ಆಳ, ಓಡಿದ ಕಾಲ, ಫಲಗಳನ್ನು ಪ್ರತ್ಯೇಕ ವರದಿಯಲ್ಲಿ ತುಂಬಬೇಕಿತ್ತು. ಹೀಗೆ ಬರೆದದ್ದೆಲ್ಲವೂ ಮೇಲಧಿಕಾರಿಗಳ ಟೀಕೆ ಟಿಪ್ಪಣಿಗಳಿಗೆ ಒಳಗಾಗುತ್ತಿತ್ತು.

ಈ ದಾಖಲೆಗಳು ಉಳಿದುಬಂದದ್ದೇ ಒಂದು ಅದೃಷ್ಟ. ಬರ್ಲಿನ್ ಮೇಲೆ ಬಾಂಬು ಬೀಳತೊಡಗಿದ ಮೇಲೆ ಜರ್ಮನ್ ನೌಕಾಪಡೆಯ ದಫ್ತರವನ್ನು ಕೋಬುರ್ಗ್ ಹತ್ತಿರದ ಟಾಂಬಾಖ್ ಎಂಬ ಕೋಟೆಮನೆಗೆ ಸಾಗಿಸಿದ್ದರು. 1945ರ ಏಪ್ರಿಲಿನಲ್ಲಿ ಅದು ಮಿತ್ರಪಡೆಗಳ ಕೈಸೇರಿತು. ಕಾಗದಗಳು ಲಂಡನ್ನಿಗೆ ಹೋದವು, ಮೈಕ್ರೊಫಿಲ್ಮ್ ಆದವು, ಮೂಲ ಪ್ರತಿಗಳು ಜರ್ಮನಿಗೆ ಹಿಂದಿರುಗಿ ಇಂದು ಫ್ರೈಬುರ್ಗ್ ಪಟ್ಟಣದ ಸೇನಾ ದಫ್ತರದಲ್ಲಿವೆ. ನಮ್ಮ ಈ ದೇಶದಲ್ಲಿ ಮೇರಿಲ್ಯಾಂಡಿನ ಕಾಲೇಜ್ ಪಾರ್ಕಿನಲ್ಲಿರುವ ರಾಷ್ಟ್ರೀಯ ದಫ್ತರದಲ್ಲಿ ಟಿ-1022 ಎಂಬ ಸಂಖ್ಯೆಯ ಮೈಕ್ರೊಫಿಲ್ಮುಗಳನ್ನು ಯಾರು ಬೇಕಾದರೂ ನೋಡಬಹುದು.

ಆದರೆ ಓದಿದಷ್ಟಕ್ಕೇ ಅರ್ಥವಾಗುವ ಬರಹ ಅದಲ್ಲ. ಮುಖ್ಯವಾಗಿ ಎರಡು ತೊಡಕುಗಳಿವೆ.

ಮೊದಲನೆಯದು ಸ್ಥಳ. ಜರ್ಮನರು ಸಾಮಾನ್ಯವಾಗಿ ಅಕ್ಷಾಂಶ ರೇಖಾಂಶಗಳ ಬದಲು ಕಡಲನ್ನೆಲ್ಲ ಚೌಕಗಳಾಗಿ ಹಂಚಿದ ಗುಪ್ತ ನಕ್ಷೆಯನ್ನು ಬಳಸುತ್ತಿದ್ದರು. ದೊಡ್ಡ ಚೌಕಕ್ಕೆ ಎರಡು ಅಕ್ಷರ. ಅದರೊಳಗೆ ಒಂಬತ್ತು, ಮತ್ತೆ ಅದರೊಳಗೆ ಒಂಬತ್ತು ಎಂಬಂತೆ ನಾಲ್ಕು ಅಂಕಿಗಳವರೆಗೆ ಇಳಿದರೆ ಕೊನೆಯ ಚೌಕದ ಬದಿ ಆರು ನಾಟಿಕಲ್ ಮೈಲಿ, ಎಂದರೆ ಸುಮಾರು 11 ಕಿಲೋಮೀಟರು. ಚೌಕದ ಯಾವ ಮೂಲೆಯಲ್ಲಿ ಹಡಗು ಮುಳುಗಿತೆಂದು ಅದು ಹೇಳದು. ಮೋಡ ಕವಿದು ನಕ್ಷತ್ರ ಕಾಣದ ದಿನಗಳಲ್ಲಿ ಆ ಚೌಕವೇ ಅಂದಾಜು.

ಎರಡನೆಯದು ಕಾಲ. ಜಲಾಂತರ್ಗಾಮಿ ಎಲ್ಲಿಯೇ ಇರಲಿ, ಅದರ ಗಡಿಯಾರ ಸಾಮಾನ್ಯವಾಗಿ ಬರ್ಲಿನ್ನಿನ ಕಾಲವನ್ನೇ ತೋರಿಸುತ್ತಿತ್ತು. 1943ರ ಅಕ್ಟೋಬರ್ 4ಕ್ಕೆ ಜರ್ಮನಿಯ ಬೇಸಿಗೆ ಕಾಲ ಮುಗಿದು ಅದು ಗ್ರೀನಿಚ್‌ಗಿಂತ ಒಂದು ಗಂಟೆ ಮಾತ್ರ ಮುಂದಿತ್ತು. ಭಾರತದಲ್ಲಿಯೋ ಯುದ್ಧದ ನಿಮಿತ್ತ 1942ರ ಸೆಪ್ಟೆಂಬರಿನಿಂದ ಗಡಿಯಾರಗಳನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಆದ್ದರಿಂದ ನಮ್ಮ ಕಾಲ ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದೆ. ಜರ್ಮನ್ ದಿನಚರಿಯಲ್ಲಿ ರಾತ್ರಿ 8 ಗಂಟೆ ಎಂದಿದ್ದರೆ ಆಗ ಮಂಗಳೂರಿನ ಗಡಿಯಾರದಲ್ಲಿ ಮರುದಿನದ ಬೆಳಗಿನ ಜಾವ ಒಂದೂವರೆ! ತಾರೀಖೇ ಬೇರೆ. ಅಟ್ಲಾಂಟಿಕ್‌ನಲ್ಲಿ ಮುಳುಗಿದ 'ಸಿಟಿ ಆಫ್ ಬನಾರಸ್' ಹಡಗಿನ ಉದಾಹರಣೆ ಪ್ರಸಿದ್ಧವಾದುದು. ಬದುಕಿ ಬಂದವರು 1940ರ ಸೆಪ್ಟೆಂಬರ್ 17ರ ರಾತ್ರಿ ಹತ್ತರ ಸುಮಾರಿಗೆ ಎಂದರೆ, ಯು-48ರ ದಿನಚರಿ ಮಧ್ಯರಾತ್ರಿ ಕಳೆದ ಕೆಲವೇ ನಿಮಿಷಕ್ಕೆ, ಅಂದರೆ 18ಕ್ಕೆ ಎನ್ನುತ್ತದೆ. ಇಬ್ಬರೂ ಸುಳ್ಳಾಡಿಲ್ಲ, ಗಡಿಯಾರಗಳು ಬೇರೆ, ಅಷ್ಟೇ.

ಇಲ್ಲಿ ನಮಗೆ ನೆರವಾಗುವ ಒಂದು ಸಾಧನ ಮನೆಮನೆಯ ಮೊಳೆಗೆ ತೂಗುಹಾಕಿದ ಪಂಚಾಂಗ. ದಿನಚರಿಯ ಎರಡನೆಯ ಅಂಕಣದಲ್ಲಿ ಬೆಳದಿಂಗಳನ್ನು ನಮೂದಿಸಿರುತ್ತಾರೆಂದು ಹೇಳಿದೆವಷ್ಟೆ. ಜಲಬಾಲ ಮುಳುಗಿದ ಅಕ್ಟೋಬರ್ 11 ಆಶ್ವಯುಜ ಹುಣ್ಣಿಮೆಗೆ ಎರಡು ದಿನ ಮೊದಲು. ಬ್ರಿಟಿಷ್ ಪರ್ಪಸ್‌ಗೆ ಪೆಟ್ಟು ಬಿದ್ದ 20ನೆಯ ತಾರೀಖಿನ ವೇಳೆಗೆ ಕೃಷ್ಣಪಕ್ಷ ನಡುವಿಗೆ ಬಂದು, ಚಂದ್ರ ಏಳುವುದೇ ನಡುರಾತ್ರಿಯ ಹೊತ್ತಿಗೆ. ಯಾವುದೇ ಬರಹಗಾರ 20ರ ಮುಸ್ಸಂಜೆಯಲ್ಲಿ ತಿಂಗಳ ಬೆಳಕನ್ನು ವರ್ಣಿಸಿದರೆ ಆ ಬರಹವನ್ನು ಸಂಶಯದಿಂದಲೇ ನೋಡಬೇಕಾಗುತ್ತದೆ. ಚಂದ್ರ ಯಾವ ಪಕ್ಷದ ಸೈನಿಕನೂ ಅಲ್ಲ.

ಒಂದೇ ಸಾಕ್ಷಿಯ ಅಪಾಯ

ಪೆರಿಸ್ಕೋಪಿನಿಂದ ಕ್ಷಣಕಾಲ ಕಂಡ ಹಡಗಿನ ಗಾತ್ರವನ್ನು ಊಹಿಸುವುದು ಕಷ್ಟ. ಕಮಾಂಡರನ ಕೀರ್ತಿಯಾದರೋ ಮುಳುಗಿಸಿದ ಟನ್ನುಗಳ ಮೇಲೆಯೇ ನಿಂತಿತ್ತು. ಆದ್ದರಿಂದ ದಿನಚರಿಯ ಟನ್ನುಗಳನ್ನು ರೋಗಿಯೇ ಹೇಳಿದ ಸಿಗರೇಟಿನ ಲೆಕ್ಕದಂತೆ ಸ್ವೀಕರಿಸಬೇಕು. ದಿಕ್ಕು ಮಾತ್ರ ವಿರುದ್ಧ. ಸ್ಫೋಟದ ಶಬ್ದ ಕೇಳಿಸಿದ್ದಕ್ಕೇ ಹಡಗು ಮುಳುಗಿತೆಂದು ಬರೆದಿಟ್ಟ ದಿನಚರಿಗಳೂ ಉಂಟು.

ಹೀಗಾಗಿ ಎದುರುಪಕ್ಷದ ಕಾಗದಗಳನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಅನಿವಾರ್ಯ. ಬದುಕುಳಿದ ಕಪ್ತಾನರನ್ನು ಬ್ರಿಟಿಷ್ ಅಡ್ಮಿರಾಲ್ಟಿ ವಿಚಾರಿಸಿ ಬರೆದುಕೊಂಡ ವರದಿಗಳು ಲಂಡನ್ನಿನ ಕ್ಯೂ ದಫ್ತರದಲ್ಲಿವೆ. ಮೂರನೆಯ ಸಾಕ್ಷಿಯೆಂದರೆ ಬ್ಲೆಚ್ಲಿ ಪಾರ್ಕಿನಲ್ಲಿ ಭೇದಿಸಿದ ಜರ್ಮನ್ ರೇಡಿಯೊ ಸಂಕೇತಗಳು. ಜರ್ಮನ್ ವಿದ್ವಾಂಸರಾದ ಯೂರ್ಗನ್ ರೋವರ್ ಅವರು ದಿನಚರಿಗಳನ್ನು ಮಿತ್ರರಾಷ್ಟ್ರಗಳ ನಷ್ಟದ ಪಟ್ಟಿಯೊಡನೆ ಸಾಲುಸಾಲಾಗಿ ತಾಳೆನೋಡಿ ಮಾಡಿದ ಸಂಪಾದನೆಯೇ ಈ ಕ್ಷೇತ್ರದ ತಳಹದಿ.

ಇಂತಹ ತಾಳೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಈ ವಾಷಿಂಗ್ಟನ್ ಕರಾವಳಿಯದೇ ನಿದರ್ಶನವಿದೆ. 1942ರ ಜೂನ್ 7ರಂದು ಕೇಪ್ ಫ್ಲಾಟರಿಯ ಆಚೆ 'ಕೋಸ್ಟ್ ಟ್ರೇಡರ್' ಎಂಬ ಹಡಗು ಮುಳುಗಿತು. ನಾವಿಕರು ಟಾರ್ಪೆಡೊ ಎಂದರು. ಅಧಿಕೃತ ವರದಿ ಒಳಗಿನ ಸ್ಫೋಟ ಎಂದಿತು. ಅದು ಜಪಾನಿನ ಐ-26 ಜಲಾಂತರ್ಗಾಮಿಯ ಕೆಲಸವೆಂಬುದು ಈಗ ಎಲ್ಲರೂ ಒಪ್ಪಿದ ಸಂಗತಿ. 2016ರಲ್ಲಿ 'ನಾಟಿಲಸ್' ಎಂಬ ಸಂಶೋಧನಾ ಹಡಗು ಅದರ ಅವಶೇಷವನ್ನು ಕ್ಯಾಮೆರಾದಿಂದ ಪರೀಕ್ಷಿಸಿತು. ರೋಗಿ ನೋವಿದೆಯೆಂದಾಗ ಪರೀಕ್ಷೆಯ ಕಾಗದವನ್ನಷ್ಟೇ ನೋಡಿ ಇಲ್ಲವೆನ್ನುವುದು ಎಲ್ಲ ಕಾಲದ ಅಧಿಕಾರಿಗಳ ದೌರ್ಬಲ್ಯ.

ದಿನಚರಿಯ ಮೌನ

ಈಗ ನಾವು ಮುಖ್ಯ ವಿಚಾರಕ್ಕೆ ಬರೋಣ. ದಿನಚರಿಯ ಮಟ್ಟಿಗೆ ಒಂದು ಹಡಗಿನ ಕಥೆ ಅದು ಮುಳುಗಿದೊಡನೆ ಮುಗಿಯುತ್ತದೆ. ಮನುಷ್ಯರ ಕಥೆ ಆರಂಭವಾಗುವುದು ಆಮೇಲೆ. ಇದೇ ಯು-532, 1943ರ ಸೆಪ್ಟೆಂಬರ್ 19ರಂದು ಚಾಗೋಸ್ ದ್ವೀಪಗಳ ನೈಋತ್ಯಕ್ಕೆ 'ಫೋರ್ಟ್ ಲಾಂಗ್ವೆ' ಎಂಬ ಹಡಗನ್ನು ಮುಳುಗಿಸಿತ್ತು. ಅದರಲ್ಲಿದ್ದವರಲ್ಲಿ ಇಬ್ಬರು ಭಾರತೀಯ ಖಲಾಸಿಗಳು ಮಾತ್ರ ತೆಪ್ಪವೊಂದರಲ್ಲಿ ನಾಲ್ಕು ತಿಂಗಳಿಗೂ ಮಿಕ್ಕಿ ತೇಲಿ, 1944ರ ಫೆಬ್ರವರಿ ಮೊದಲಿಗೆ ಸುಮಾತ್ರಾದ ಬಳಿ ದಡಕಂಡು, ಜಪಾನಿಯರ ಸೆರೆಯಾದರು. ಕುಡಿಯುವ ನೀರಿಲ್ಲದೆ ಮನುಷ್ಯ ಬದುಕುವುದು ಕೆಲವೇ ದಿನವೆಂದು ಬಲ್ಲ ವೈದ್ಯರಿಗೆ ಆ ನಾಲ್ಕು ತಿಂಗಳು ಪಠ್ಯಪುಸ್ತಕದಾಚೆಯ ಅಧ್ಯಾಯ. ಅದನ್ನು ಬರೆಯುವ ಅಂಕಣ ಯಾವ ಜಲಾಂತರ್ಗಾಮಿಯ ದಿನಚರಿಯಲ್ಲಿಯೂ ಇರಲಿಲ್ಲ.

ಇನ್ನೊಂದು ಮೌನ ಜರ್ಮನರದೇ. ಮಾನ್ಸೂನ್ ತಂಡದ ಯು-533, ಜಲಬಾಲ ಮುಳುಗಿದ ಐದೇ ದಿನಕ್ಕೆ, ಅಕ್ಟೋಬರ್ 16ರಂದು ಓಮಾನ್ ಕೊಲ್ಲಿಯಲ್ಲಿ ಬ್ರಿಟಿಷ್ ವಿಮಾನವೊಂದರ ದಾಳಿಗೆ ತುತ್ತಾಯಿತು. ಬದುಕಿದವನು ಒಬ್ಬನೇ. ಆ ಯಾತ್ರೆಯ ದಿನಚರಿ ಬರೆದವರೊಡನೆಯೇ ತಳ ಸೇರಿತು. ಯುದ್ಧದಲ್ಲಿ ಜಲಾಂತರ್ಗಾಮಿಗಳನ್ನೇರಿದ ಸುಮಾರು 40,000 ಜರ್ಮನರಲ್ಲಿ ಸುಮಾರು 30,000 ಮಂದಿ ಮರಳಲಿಲ್ಲ. ಆದ್ದರಿಂದ ನಮ್ಮ ಕೈಗೆ ಸಿಗುವ ದಿನಚರಿಗಳು ಹೆಚ್ಚಾಗಿ ದಡಸೇರಿದ ಯಾತ್ರೆಗಳವು. ಗುಣವಾಗಿ ಮನೆಗೆ ಹೋದವರ ಕೇಸ್ ಶೀಟುಗಳನ್ನೇ ನೋಡಿ ರೋಗದ ಉಗ್ರತೆಯನ್ನು ಅಳೆಯುವಂತಿಲ್ಲ.

ಯು-532ರ ಕೊನೆಯ ಯಾತ್ರೆಯ ವಿಷಯವನ್ನು ವೈದ್ಯರಾಗಿ ನಾವು ಬಿಡಲಾರೆವು. 1945ರ ಮೇ ತಿಂಗಳಲ್ಲಿ ಅದು ಶರಣಾಗಿ ಬ್ರಿಟನ್ನಿಗೆ ಬಂದಾಗ ಅದರೊಳಗೆ ತವರ, ರಬ್ಬರುಗಳೊಡನೆ ಪೂರ್ವದೇಶಗಳಿಂದ ತಂದ ಕ್ವಿನೈನ್ ಸಹ ಇತ್ತು. ಜಾವಾ ಜಪಾನಿಯರ ಕೈಸೇರಿದ ಮೇಲೆ ಮಲೇರಿಯಾದ ನಾಡುಗಳಿಗೆಲ್ಲ ದುರ್ಲಭವಾಗಿದ್ದ ಔಷಧ ಅದು.

ಹಾಗಾದರೆ ಮಡಿದ ಖಲಾಸಿಗಳ ಹೆಸರು ಎಲ್ಲಿವೆ? ಮುಂಬಯಿಯ ಇಂಡಿಯನ್ ಸೀಮೆನ್ಸ್ ಹೋಮ್ ಕಟ್ಟಡದಲ್ಲಿಯೂ ಚಿತ್ತಗಾಂಗ್‌ನಲ್ಲಿಯೂ ಇರಿಸಿರುವ ಸ್ಮಾರಕ ಗ್ರಂಥಗಳಲ್ಲಿ ಅವಿಭಜಿತ ಭಾರತದ ಆರು ಸಾವಿರಕ್ಕೂ ಮಿಕ್ಕ ನಾವಿಕರ ಹೆಸರುಗಳಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹಡಗಿನ ಹೆಸರು ಹಿಡಿದು ಅವರನ್ನು ಹುಡುಕಬಹುದು. ಸಾರಂಗ, ಸುಕಾನಿ, ಭಂಡಾರಿ ಎಂಬ ನಮ್ಮ ಕರಾವಳಿಯ ಕಿವಿಗೆ ಹೊಸದಲ್ಲದ ಹುದ್ದೆಗಳಲ್ಲಿ ದುಡಿದವರು ಅವರು. ರತ್ನಾಗಿರಿ, ಗೋವೆ, ಮಲಬಾರು, ಸಿಲ್ಹೆಟ್‌ಗಳಿಂದ ಬಂದ ಆ ಜನರ ಮನೆಗಳಿಗೆ ತಲುಪಿದ ಸುದ್ದಿಯಲ್ಲಿ ಸ್ಥಳದ ಹೆಸರಿರಲಿಲ್ಲ. ಯುದ್ಧಕಾಲದ ಗೋಪ್ಯ ಅದಕ್ಕೆ ಅವಕಾಶ ಕೊಡಲಿಲ್ಲ. ಸ್ಥಳ ಬಲ್ಲ ದಿನಚರಿಗೆ ಹೆಸರು ತಿಳಿಯದು. ಹೆಸರು ಬಲ್ಲ ಗ್ರಂಥಕ್ಕೆ ಸ್ಥಳ ತಿಳಿಯದು. ಎರಡನ್ನೂ ಒಂದೆಡೆ ತಂದಾಗ ಮಾತ್ರ, ಇಂತಹವರ ಅಜ್ಜ ಇಂತಹ ದಿನ ಇಂತಹ ನೀರಿನಲ್ಲಿ ತೀರಿಕೊಂಡರು ಎಂಬ ಒಂದು ಪೂರ್ಣ ವಾಕ್ಯ ಸಿದ್ಧವಾಗುತ್ತದೆ. ಈ ಸಂಶೋಧನೆಯ ಫಲವೆಲ್ಲ ಆ ಒಂದು ವಾಕ್ಯವೇ ಎಂದು ನಾವು ಭಾವಿಸುತ್ತೇವೆ. ತಿಥಿಯನ್ನು ತಿಳಿಯದೆ ಶ್ರಾದ್ಧ ಮಾಡುವ ಕಷ್ಟ ಬಲ್ಲ ನಮ್ಮ ಜನರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಊರಿನ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಹಡಗಿನ ಕೆಲಸದ ಡಿಸ್ಚಾರ್ಜ್ ಪುಸ್ತಕವೋ, ಕಂಪನಿಯ ಕಾಗದವೋ, ಪಿಂಚಣಿಯ ಚೀಟಿಯೋ ಇದ್ದರೆ ದಯವಿಟ್ಟು ಎಸೆಯಬೇಡಿ. ಹಡಗಿನ ಹೆಸರು, ಒಂದು ತಾರೀಖು, ಇವೆರಡೇ ಇದ್ದರೂ ಸಾಕು. ಫ್ರೈಬುರ್ಗ್, ಕ್ಯೂ, ಕಾಲೇಜ್ ಪಾರ್ಕ್‌ಗಳ ಬಾಗಿಲು ತಟ್ಟಲು ಅದೇ ಬೀಗದ ಕೈ. ಉಳಿದುದು ತಾಳ್ಮೆಯ ಕೆಲಸ.