ವಯಸ್ಸಾದ ಮೇಲೆ ಕಾಲೇಜು ಓದು: ವಿಶ್ವ ಇತಿಹಾಸ ಗಡಿನಾಡಿಗರಿಗೆ ದೂರದ ವಿಷಯವಲ್ಲ

ಕಾಸರಗೋಡು: ಎಸ್‌ಎಸ್‌ಎಲ್‌ಸಿ ಮುಗಿಸಿ ಗಲ್ಫಿಗೆ ಹೋದವರು, ಮದುವೆಯಾಗಿ ಓದು ಬಿಟ್ಟವರು, ತೋಟವನ್ನೋ ಅಂಗಡಿಯನ್ನೋ ನೋಡಿಕೊಳ್ಳಲು ಊರಲ್ಲೇ ನಿಂತವರು ಗಡಿನಾಡಿನ ಎಲ್ಲ ಕಡೆ ಇದ್ದಾರೆ. ಮಕ್ಕಳು ದೊಡ್ಡವರಾಗಿ ಕೈ ಸ್ವಲ್ಪ ಬಿಡುವಾದಾಗ ಇವರಲ್ಲಿ ಕೆಲವರಿಗೆ ಅರ್ಧಕ್ಕೆ ನಿಂತ ಓದನ್ನು ಮುಂದುವರಿಸುವ ಆಸೆ ಮೂಡುತ್ತದೆ. ಪ್ರಯೋಗಾಲಯದ ಅಗತ್ಯವಿಲ್ಲದ, ಮನೆಯಲ್ಲೇ ಕುಳಿತು ಓದಬಹುದಾದ ಇತಿಹಾಸ ಅಂಥವರಿಗೆ ಒಗ್ಗುವ ವಿಷಯ. ಆದರೆ ಮೂರು ಪ್ರಶ್ನೆಗಳು ಅವರನ್ನು ಬಾಗಿಲಲ್ಲೇ ತಡೆಯುತ್ತವೆ. ಈ ವಯಸ್ಸಿನಲ್ಲಿ ಸೇರಿಸಿಕೊಳ್ಳುತ್ತಾರೆಯೇ? ಕನ್ನಡದಲ್ಲಿ ಕಲಿತವರಿಂದ ಇದು ಸಾಧ್ಯವೇ? ಫ್ರಾನ್ಸ್, ರಷ್ಯಾ, ಈಜಿಪ್ಟಿನ ಕತೆ ನಮಗೇಕೆ?

ವಯಸ್ಸು ಅಡ್ಡಿಯಲ್ಲ

ಕೇರಳದಲ್ಲಿ ಹತ್ತನೇ ತರಗತಿ ಪೂರೈಸದವರಿಗೆ ರಾಜ್ಯ ಸಾಕ್ಷರತಾ ಮಿಷನ್‌ನ ತತ್ಸಮಾನ ಪರೀಕ್ಷೆಗಳಿವೆ. 17 ವರ್ಷ ತುಂಬಿದವರು ಹತ್ತನೇ ತರಗತಿ ತತ್ಸಮಾನಕ್ಕೂ 22 ವರ್ಷ ತುಂಬಿದವರು ಹೈಯರ್ ಸೆಕೆಂಡರಿ ತತ್ಸಮಾನಕ್ಕೂ ಸೇರಬಹುದು. ಹತ್ತನೇ ತರಗತಿ ತತ್ಸಮಾನವನ್ನು ಕನ್ನಡ ಮಾಧ್ಯಮದಲ್ಲಿ ಬರೆಯಲು ಅವಕಾಶವಿದೆ. ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ ಇದೇ ಮಿಷನ್‌ನ ಸಾಕ್ಷರತಾ ಪರೀಕ್ಷೆಯನ್ನು 2018ರಲ್ಲಿ ತಮ್ಮ 96ನೇ ವಯಸ್ಸಿನಲ್ಲಿ ಬರೆದು ನೂರಕ್ಕೆ 98 ಅಂಕ ಪಡೆದದ್ದು ದೇಶಕ್ಕೇ ಸುದ್ದಿಯಾಗಿತ್ತು.

ಪದವಿಗೆ ಮುಖ್ಯ ದಾರಿ ಮುಕ್ತ ವಿಶ್ವವಿದ್ಯಾನಿಲಯಗಳು. 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ, ಪ್ಲಸ್ ಟು ಆದವರನ್ನು ವಯಸ್ಸಿನ ಮಿತಿಯಿಲ್ಲದೆ ಬಿ.ಎ.ಗೆ ಸೇರಿಸಿಕೊಳ್ಳುತ್ತದೆ. ಮೂರು ವರ್ಷದ ಪದವಿಯನ್ನು ಮುಗಿಸಲು ಆರು ವರ್ಷದವರೆಗೆ ಕಾಲಾವಕಾಶ ಕೊಡುತ್ತದೆ. ಕೇರಳದಲ್ಲಿ 2020ರ ಅಕ್ಟೋಬರ್ 2ರಂದು ಶ್ರೀ ನಾರಾಯಣಗುರು ಮುಕ್ತ ವಿಶ್ವವಿದ್ಯಾನಿಲಯ ಕೊಲ್ಲಂ ಕೇಂದ್ರವಾಗಿ ಆರಂಭವಾಯಿತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದಲೂ ಇದೆ.

ಸೇರುವ ಮೊದಲು ಒಂದು ಎಚ್ಚರಿಕೆ ಅಗತ್ಯ. ಆ ವರ್ಷ ಆ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಮಾನ್ಯತೆ ಇದೆಯೇ ಎಂದು ತಾವೇ ನೋಡಿಕೊಳ್ಳಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಕೆಲವು ವರ್ಷ ಮಾನ್ಯತೆ ಕಳೆದುಕೊಂಡು 2018ರಲ್ಲಿ ಮತ್ತೆ ಪಡೆಯಿತು. ನಡುವಿನ ಅವಧಿಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಆತಂಕಪಟ್ಟರು.

ಕನ್ನಡದವರ ಕಷ್ಟ

ಇಗ್ನೋ ಇತಿಹಾಸ ಪಠ್ಯಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಮೈಸೂರಿನದು ಕನ್ನಡದಲ್ಲಿದೆ. ಆದರೆ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಗಳು ತಮ್ಮ ರಾಜ್ಯದೊಳಗೇ ಕೇಂದ್ರ ನಡೆಸಬೇಕೆಂಬ ನಿಯಮವಿರುವುದರಿಂದ ಕಾಸರಗೋಡಿನವರು ತರಗತಿಗೂ ಪರೀಕ್ಷೆಗೂ ಮಂಗಳೂರಿಗೆ ಹೋಗಬೇಕಾಗುತ್ತದೆ. ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ ಮೊದಲಾದ ಕಡೆಯವರ ಸ್ಥಿತಿಯೂ ಇದೇ. ಪ್ರವೇಶಕ್ಕೆ ಯಾವ ದಾಖಲೆ ಬೇಕು, ಪರೀಕ್ಷಾ ಕೇಂದ್ರ ಎಲ್ಲಿ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇಂಗ್ಲಿಷ್ ಪಠ್ಯ ಓದುವವರು ಆ ವಿಷಯವನ್ನು ಮೊದಲು ಕನ್ನಡದಲ್ಲಿ ಓದಿಕೊಂಡರೆ ಹೊರೆ ಅರ್ಧ ಇಳಿಯುತ್ತದೆ. ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಕಿರಿಯರ ವಿಶ್ವಕೋಶ ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಕಯ್ಯೂರಿನ ರೈತ ಹೋರಾಟದ ಬಗ್ಗೆ ‘ಚಿರಸ್ಮರಣೆ’ ಬರೆದ ನಿರಂಜನರೇ ಪ್ರಾಚೀನ ಈಜಿಪ್ಟಿನ ಜನರ ಬಗ್ಗೆ ‘ಮೃತ್ಯುಂಜಯ’ ಕಾದಂಬರಿಯನ್ನೂ ಬರೆದಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಪದವಿ ಪೂರ್ತಿ ಮಾಡಿದವರಲ್ಲ. ಆದರೂ ಮನೆಯಲ್ಲೇ ಹಲವು ಭಾಷೆಗಳನ್ನು ಕಲಿತು, ಯೇಸುವಿನ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’ ಬರೆದರು. ಗಡಿನಾಡಿನಲ್ಲಿ ಜಗತ್ತಿನ ಕಡೆಗೆ ನೋಟ ಹಿಂದಿನಿಂದಲೂ ಇತ್ತು.

ಶಾಲೆಯ ಇತಿಹಾಸ ಬೇರೆ, ಕಾಲೇಜಿನದು ಬೇರೆ

ಬಹಳ ವರ್ಷದ ನಂತರ ಪುಸ್ತಕ ಹಿಡಿದವರು ‘ಇಸವಿ ನೆನಪಿರುವುದಿಲ್ಲ’ ಎಂದು ಹೆದರುತ್ತಾರೆ. ಇಸವಿ ಬೇಕು, ಆದರೆ ಉರು ಹೊಡೆಯುವುದಕ್ಕಲ್ಲ, ಕಾರಣ ಪರೀಕ್ಷಿಸುವುದಕ್ಕೆ.

ಒಂದು ಉದಾಹರಣೆ ನೋಡಬಹುದು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದದ್ದರಿಂದ ಸಾಂಬಾರ ಪದಾರ್ಥಗಳ ದಾರಿ ಮುಚ್ಚಿತು, ಹಾಗಾಗಿ ಪೋರ್ಚುಗೀಸರು ಸಮುದ್ರಮಾರ್ಗ ಹುಡುಕಿದರು ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. ಆದರೆ ನಮ್ಮ ಕರಾವಳಿಯ ಒಳ್ಳೆಮೆಣಸು ಯುರೋಪಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಕೆಂಪು ಸಮುದ್ರ, ಈಜಿಪ್ಟ್, ವೆನಿಸ್ ದಾರಿಯಲ್ಲಿ. ಈಜಿಪ್ಟ್ ತುರ್ಕರ ಕೈಸೇರಿದ್ದು 1517ರಲ್ಲಿ. ವಾಸ್ಕೋ ಡ ಗಾಮ ಕೋಯಿಕ್ಕೋಡಿನ ಕಡೆಗೆ ಬಂದದ್ದು 1498ರಲ್ಲಿ, ಅಂದರೆ ಅದಕ್ಕಿಂತ 19 ವರ್ಷ ಮೊದಲೇ. ಹಾಗಾದರೆ ‘ದಾರಿ ಮುಚ್ಚಿತು’ ಎಂಬ ವಿವರಣೆ ಸಾಲದು. ವೆನಿಸ್ ಮತ್ತು ಈಜಿಪ್ಟಿನವರ ಲಾಭದ ಪಾಲನ್ನು ತಪ್ಪಿಸಿ ಮೆಣಸಿನ ಮೂಲಕ್ಕೇ ಹೋಗುವ ಆಸೆ, ಆಫ್ರಿಕಾದ ಚಿನ್ನ, ಧರ್ಮಯುದ್ಧದ ಹುಮ್ಮಸ್ಸು ಇವನ್ನೆಲ್ಲ ತೂಗಿ ನೋಡಬೇಕಾಗುತ್ತದೆ. ಕಾಲೇಜಿನ ಉತ್ತರಪತ್ರಿಕೆ ಕೇಳುವುದು ಈ ತೂಗುವಿಕೆಯನ್ನು. ಲೋಕ ಕಂಡವರಿಗೆ ಇದು ಹದಿನೆಂಟರ ಹುಡುಗರಿಗಿಂತ ಸುಲಭ.

ಕರಾವಳಿಯ ವ್ಯಾಪಾರ ಇನ್ನೂ ಹಳೆಯದು. 12ನೇ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಅವನಿಗೂ ಏಡನ್ನಿನ ವ್ಯಾಪಾರಿಗಳಿಗೂ ನಡೆದ ಪತ್ರ ವ್ಯವಹಾರ ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದ ಕಾಗದದ ರಾಶಿಯಲ್ಲಿ ಉಳಿದುಬಂತು. ಅವುಗಳಲ್ಲಿ ಮೆಣಸು, ಅಡಿಕೆ, ಕಬ್ಬಿಣದ ಲೆಕ್ಕವಿದೆ. ಅಡಿಕೆ ಮಾರಿದ ಅನುಭವವಿರುವ ವಿದ್ಯಾರ್ಥಿಗೆ ಇಂಥ ಪತ್ರ ಓದುವಾಗ ದರ, ತೂಕ, ಸಾಲ, ನಂಬಿಕೆ ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತಿರದ ಕಾಲದ ಮಾತೂ ಹಾಗೆಯೇ. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದ ಮೇಲೆ ಕೆಲವೇ ತಿಂಗಳಲ್ಲಿ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆ ಹಣದಲ್ಲಿ ಗಲ್ಫಿನಲ್ಲಿ ರಸ್ತೆ, ಬಂದರು, ಕಟ್ಟಡಗಳು ಎದ್ದವು. ಅವನ್ನು ಕಟ್ಟಲು ಕಾಸರಗೋಡಿನವರೂ ಹೋದರು. ಪಠ್ಯದ ‘ತೈಲ ಬಿಕ್ಕಟ್ಟು’ ಮತ್ತು ಊರಿನ ‘ಗಲ್ಫ್ ಮನೆ’ ಒಂದೇ ಕತೆಯ ಎರಡು ತುದಿಗಳು.

ಗಡಿ ಮತ್ತು ಭಾಷೆ

ಗಡಿನಾಡ ಕನ್ನಡಿಗರಿಗೆ ವಿಶ್ವ ಇತಿಹಾಸದಲ್ಲಿ ಎಲ್ಲಕ್ಕಿಂತ ಹತ್ತಿರದ ಅಧ್ಯಾಯ ಮೊದಲ ಮಹಾಯುದ್ಧದ ನಂತರದ ಯುರೋಪಿನದು. ಇಲ್ಲಿ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದರೂ ಅದು ಜಾರಿಗೆ ಬರಲಿಲ್ಲ. ಅಲ್ಲಿ ಬದಲಾದದ್ದು ಒಂದೇ ದೇಶದೊಳಗಿನ ರಾಜ್ಯದ ಗಡಿಯಲ್ಲ, ದೇಶವೇ. ಈ ವ್ಯತ್ಯಾಸ ದೊಡ್ಡದು. ಆದರೆ ಜನ ಇದ್ದಲ್ಲೇ ಇದ್ದು ಗಡಿ ಮಾತ್ರ ಸರಿದದ್ದು ಎರಡೂ ಕಡೆ ಸಮಾನ.

1920ರ ಟ್ರಿಯಾನಾನ್ ಒಪ್ಪಂದದಲ್ಲಿ ಹಂಗೇರಿ ಸುಮಾರು ಮೂರನೇ ಎರಡು ಭಾಗ ನೆಲ ಕಳೆದುಕೊಂಡಿತು. ಸುಮಾರು 30 ಲಕ್ಷ ಹಂಗೇರಿಯನ್ನರು ನೆರೆ ದೇಶಗಳ ಅಲ್ಪಸಂಖ್ಯಾತರಾದರು. ಜರ್ಮನ್ ಮಾತಾಡುವ ದಕ್ಷಿಣ ಟಿರೋಲ್ ಇಟಲಿಗೆ ಸೇರಿತು. ಮುಸೊಲಿನಿಯ ಸರಕಾರ ಅಲ್ಲಿನ ಜರ್ಮನ್ ಶಾಲೆಗಳನ್ನು ಮುಚ್ಚಿಸಿದಾಗ ಶಿಕ್ಷಕರು ಮನೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ಪಾಠ ಹೇಳಿದರು. ಕೊನೆಗೆ 1972ರ ಸ್ವಾಯತ್ತ ಶಾಸನದಿಂದ ಆ ಭಾಷೆಗೆ ಗಟ್ಟಿ ನೆಲೆ ಸಿಕ್ಕಿತು. ಸ್ವೀಡಿಷ್ ಭಾಷಿಕರ ಓಲಾಂಡ್ ದ್ವೀಪಗಳು ಫಿನ್ಲೆಂಡಿನಲ್ಲೇ ಉಳಿಯಲಿ, ಆದರೆ ಅವರ ಭಾಷೆಗೆ ರಕ್ಷಣೆ ಇರಲಿ ಎಂದು 1921ರಲ್ಲಿ ರಾಷ್ಟ್ರಗಳ ಒಕ್ಕೂಟ ತೀರ್ಮಾನಿಸಿತು. ಆ ರಕ್ಷಣೆ ಇಂದಿಗೂ ಇದೆ.

ಗಡಿ ಬದಲಾಗದಿದ್ದರೂ ಶಾಲೆ, ಕಚೇರಿ, ಅರ್ಜಿಯ ಭಾಷೆ ಉಳಿಸಿಕೊಳ್ಳಲು ಯಾವ ಕಾನೂನು ಬೇಕು, ಯಾವುದು ಕಾಗದದಲ್ಲೇ ಉಳಿಯುತ್ತದೆ ಎಂಬುದಕ್ಕೆ ಇವು ಕಲಿಯಬೇಕಾದ ನಿದರ್ಶನಗಳು. ಮಕ್ಕಳ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿ ಎಂದು ಅರ್ಜಿ ಬರೆಯುವ ಹೆತ್ತವರಿಗೆ ಈ ಓದು ಬರಿಯ ಪರೀಕ್ಷೆಯ ಪಾಠವಲ್ಲ.

ಸಮಯದ ಲೆಕ್ಕ

ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಆರು ಕ್ರೆಡಿಟ್ಟಿನ ಒಂದು ಪತ್ರಿಕೆಗೆ 180 ಗಂಟೆ. ವಾರಕ್ಕೆ ಹತ್ತು ಗಂಟೆ ಓದುವವರಿಗೆ ಅದು 18 ವಾರದ ಕೆಲಸ. ಹಾಗಾಗಿ ದುಡಿಯುವವರು ಎಲ್ಲ ಪತ್ರಿಕೆಗಳನ್ನೂ ಒಟ್ಟಿಗೆ ಬರೆಯಲು ಹೋಗದೆ, ಇರುವ ಆರು ವರ್ಷದಲ್ಲಿ ಹಂಚಿಕೊಳ್ಳುವುದು ಲೇಸು. ಅಸೈನ್‌ಮೆಂಟುಗಳನ್ನು ಸಮಯಕ್ಕೆ ಕೊಡಬೇಕು, ಅದರ ಅಂಕ ಫಲಿತಾಂಶಕ್ಕೆ ಸೇರುತ್ತದೆ. ಕೈಬರಹದ ಅಭ್ಯಾಸ ತಪ್ಪಿದವರು ದಿನಕ್ಕೆ ಒಂದು ಪುಟವಾದರೂ ಬರೆಯಬೇಕು. ಮೂರು ಗಂಟೆ ಬರೆಯುವಾಗ ಮೊದಲು ಸೋಲುವುದು ನೆನಪಲ್ಲ, ಬೆರಳು.

ಇಗ್ನೋ ಪಠ್ಯಗಳು ‘ಇ-ಜ್ಞಾನಕೋಶ’ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಶುಲ್ಕ ಕಟ್ಟುವ ಮೊದಲು ವಿಶ್ವ ಇತಿಹಾಸದ ಒಂದು ಅಧ್ಯಾಯ ಇಳಿಸಿಕೊಂಡು ಎರಡು ವಾರ ಓದಿ ನೋಡಬಹುದು. ಅರ್ಥವಾಗದ ಪದಗಳ ಪಟ್ಟಿ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿದ್ದರೆ ಧೈರ್ಯವಾಗಿ ಅರ್ಜಿ ಹಾಕಬಹುದು.