ಮೊದಲು ಉತ್ತರ ಊಹಿಸಿ, ಆಮೇಲೆ ರನ್ ಒತ್ತಿ

ಪೈಥಾನ್ ಕಲಿಯಬೇಕು ಅಂತ ವರ್ಷಕ್ಕೆರಡು ಸಲ ತೀರ್ಮಾನ ಮಾಡಿ, ಮೂರನೇ ವಿಡಿಯೊಗೇ ಕೈಬಿಡುವವರು ನಮ್ಮಲ್ಲಿ ಬಹಳ ಜನ. ವಿಡಿಯೊ ನೋಡುವಾಗ ಎಲ್ಲಾ ಅರ್ಥವಾದಂತೆಯೇ ಇರುತ್ತೆ. ಖಾಲಿ ಪರದೆ ಮುಂದೆ ಕೂತರೆ ಮೊದಲ ಸಾಲೇ ಹೊಳೆಯಲ್ಲ.

ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗಳದ್ದೂ ಇದೇ ಕತೆ. ಜೊತೆಗೊಂದು ಪ್ರಶ್ನೆ ಬೇರೆ: "ಅಣ್ಣಾ, ಈಗ ಕೇಳಿದ್ರೆ ಎಐ ಪ್ರೋಗ್ರಾಂ ಬರ್ದುಕೊಡತ್ತೆ. ನಾನ್ಯಾಕೆ ಕಷ್ಟಪಡ್ಬೇಕು?"

"ಅದು ಬರ್ದಿದ್ದು ಸರಿಯೋ ತಪ್ಪೋ ಅಂತ ನೀನು ಹೇಗೆ ಹೇಳ್ತೀಯ?" ಅಂದೆ. ಅವಳ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ಭಾನುವಾರ, ನಾಲ್ಕು ಪುಟ್ಟ ಲೆಕ್ಕ ಅಂತ ಒಪ್ಪಂದವಾಯಿತು. ನಿಯಮ ಒಂದೇ: ರನ್ ಒತ್ತುವ ಮೊದಲು ಏನು ಉತ್ತರ ಬರುತ್ತೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಮೊದಲನೆಯದು, ಎರಡು ಸಂಖ್ಯೆ ಕೇಳಿ ಕೂಡಿಸುವುದು. 5 ಮತ್ತು 3 ಕೊಟ್ಟಳು. ಬರೆದಿಟ್ಟದ್ದು 8, ಬಂದದ್ದು 53! ಇನ್‌ಪುಟ್‌ನಲ್ಲಿ ನಾವು ಟೈಪ್ ಮಾಡುವುದೆಲ್ಲ ಪೈಥಾನ್‌ಗೆ ಅಕ್ಷರಗಳೇ. ಅಕ್ಷರಗಳನ್ನು ಕೂಡಿಸು ಅಂದರೆ ಪಕ್ಕಪಕ್ಕ ಇಡುತ್ತೆ. ‘ಇಂಟ್’ ಬಳಸಿ ಸಂಖ್ಯೆಯಾಗಿ ಬದಲಿಸಿದರೆ 8 ಬರುತ್ತೆ. ಇಲ್ಲೊಂದು ಖುಷಿಯ ವಿಷಯ: ಕನ್ನಡ ಅಂಕಿಯಲ್ಲಿ ೫ ಅಂತ ಟೈಪ್ ಮಾಡಿದರೂ ‘ಇಂಟ್’ ಅದನ್ನು ಐದು ಎಂದೇ ಓದುತ್ತದೆ.

ಎರಡನೆಯದು, 7ರ ಮಗ್ಗಿ. ‘ರೇಂಜ್’ಗೆ 1 ಮತ್ತು 10 ಕೊಟ್ಟಳು. ಮಗ್ಗಿ 63ಕ್ಕೇ ನಿಂತಿತು. ಕೊನೆಯ ಸಂಖ್ಯೆಯನ್ನು ರೇಂಜ್ ಮುಟ್ಟುವುದಿಲ್ಲ. 70 ಬೇಕಿದ್ದರೆ 11 ಕೊಡಬೇಕು. ಲೂಪ್‌ನ ಒಳಗಿನ ಸಾಲಿಗೆ ಮುಂದೆ ಜಾಗ ಬಿಡದಿದ್ದರೆ ಪೈಥಾನ್ ‘ಇಂಡೆಂಟೇಷನ್ ಎರರ್’ ಅಂತ ಹೇಳಿ ಅಲ್ಲೇ ನಿಲ್ಲುತ್ತೆ. ಕೆಂಪು ಅಕ್ಷರ ಕಂಡ ಕೂಡಲೇ ಪರದೆ ಮುಚ್ಚಬೇಡಿ. ಎಷ್ಟನೇ ಸಾಲಿನಲ್ಲಿ ತೊಂದರೆ ಎಂದು ಅದರಲ್ಲೇ ಬರೆದಿರುತ್ತೆ. ಕೊನೆಯ ಸಾಲನ್ನು ಮೊದಲು ಓದಿ.

ಮೂರನೆಯದು, ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಪತ್ತೆಹಚ್ಚುವುದು. ‘ಕನಕ’ ಪಾಸಾಯಿತು. ‘ವಿಕಟಕವಿ’ ಫೇಲ್! ನಮ್ಮ ಕಣ್ಣಿಗೆ ಅದು ಐದು ಅಕ್ಷರ. ಯೂನಿಕೋಡ್‌ನಲ್ಲಿ ‘ವಿ’ ಅಂದರೆ ‘ವ’ ಒಂದು, ಗುಡಿಸು ಇನ್ನೊಂದು. ಹಾಗಾಗಿ ಪೈಥಾನ್‌ಗೆ ಅದು ಏಳು. ತಿರುಗಿಸಿದಾಗ ಗುಡಿಸು ‘ವ’ಗಿಂತ ಮುಂದೆ ಬಂದು ಕೂರುತ್ತೆ, ಪದ ಹೊಂದುವುದಿಲ್ಲ. ಪ್ರೋಗ್ರಾಂನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ, ಎರರ್ ಕೂಡ ಬರಲಿಲ್ಲ. ಆದರೂ ಉತ್ತರ ತಪ್ಪು. ಊಹೆಯನ್ನು ಮೊದಲೇ ಬರೆದಿಟ್ಟಿದ್ದರಿಂದ ಸಿಕ್ಕಿಬಿತ್ತು.

ನಾಲ್ಕನೇ ಲೆಕ್ಕವನ್ನು ಅವಳೇ ತಂದಳು. ಸ್ಕೂಟರ್‌ಗೆ 1 ಲಕ್ಷ ಸಾಲ, 12 ತಿಂಗಳು. "ಬಡ್ಡಿ 12 ಪರ್ಸೆಂಟ್ ಅಷ್ಟೇ ಮೇಡಂ" ಅಂದಿದ್ದರಂತೆ. ತಿಂಗಳ ಕಂತು 9,333 ರೂಪಾಯಿ. ಇದನ್ನೇ ಲೂಪ್‌ಗೆ ಹಾಕಿದೆವು. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೂ ಇರಬಹುದು, ಹಾಗಾಗಿ ಬಾಕಿ, ಬಡ್ಡಿ, ಕಂತು ಎಂದೇ ಇಟ್ಟೆವು. ಪ್ರತಿ ತಿಂಗಳು ಬಾಕಿಯ ಮೇಲೆ ಶೇ. 1 ಬಡ್ಡಿ ಸೇರಿಸು, ಕಂತು ಕಳೆ, ಬಾಕಿ ಪ್ರಿಂಟ್ ಮಾಡು. ಹೀಗೆ 12 ಸಲ.

12ನೇ ತಿಂಗಳಿಗೆ ಸೊನ್ನೆ ಅಂತ ಅವಳು ಬರೆದಿದ್ದಳು. ಬಂದದ್ದು ಮೈನಸ್ 5,683. 11ನೇ ಕಂತು ಕಟ್ಟುವಷ್ಟರಲ್ಲೇ ಬಾಕಿ ಬರೀ 3,614ಕ್ಕೆ ಇಳಿದಿತ್ತು.

"ಲೂಪ್ ತಪ್ಪಾ ಅಣ್ಣಾ?"

ಲೂಪ್ ಸರಿಯಾಗೇ ಇತ್ತು. ಹೇಳಿದ 12 ಪರ್ಸೆಂಟ್ ‘ಫ್ಲ್ಯಾಟ್’ ಬಡ್ಡಿ. ಸಾಲ ತೀರುತ್ತಾ ಬಂದರೂ ವರ್ಷಪೂರ್ತಿ ಇಡೀ ಲಕ್ಷಕ್ಕೇ ಲೆಕ್ಕ ಹಾಕುತ್ತಾರೆ, ಬಡ್ಡಿ 12,000. ಉಳಿದ ಬಾಕಿಗೆ ಮಾತ್ರ ಅದೇ 12 ಪರ್ಸೆಂಟ್ ಹಾಕಿದರೆ ಕಂತು ಸುಮಾರು 8,885, ಒಟ್ಟು ಬಡ್ಡಿ ಸುಮಾರು 6,600. ಕಂತನ್ನು 9,333ಕ್ಕೇ ಬಿಟ್ಟು, ಬಾಕಿ ಸೊನ್ನೆಯಾಗುವವರೆಗೂ ಬಡ್ಡಿ ದರ ಬದಲಿಸುತ್ತಾ ಹೋದಳು. ನಿಂತದ್ದು ವರ್ಷಕ್ಕೆ ಸುಮಾರು 21.5 ಪರ್ಸೆಂಟ್‌ಗೆ. ಕಾಗದಕ್ಕೆ ಸಹಿ ಹಾಕಲಿಲ್ಲ. ಈಗ ಬೇರೆ ಕಡೆ ವಿಚಾರಿಸುವಾಗ ಅವಳ ಮೊದಲ ಪ್ರಶ್ನೆಯೇ "ಫ್ಲ್ಯಾಟಾ, ರೆಡ್ಯೂಸಿಂಗಾ?"

ಇಷ್ಟಕ್ಕೆ ಬೇಕಾದದ್ದು ಹತ್ತು ಸಾಲೂ ಇಲ್ಲ. ಆ ಹತ್ತು ಸಾಲನ್ನು ಎಐ ಕೂಡ ಬರೆದುಕೊಡಬಹುದು, ಬೇಡ ಅನ್ನಲ್ಲ. ಆದರೆ 12ನೇ ತಿಂಗಳಿಗೆ ಸೊನ್ನೆ ಬರಬೇಕಿತ್ತು ಅಂತ ಗೊತ್ತಿರುವವರಿಗೆ ಮಾತ್ರ ಮೈನಸ್ ಕಂಡಾಗ ಅನುಮಾನ ಬರುತ್ತೆ. ಶುರುವಿನ ಸಣ್ಣ ಲೆಕ್ಕಗಳು ಕಲಿಸುವುದು ಆ ಅನುಮಾನವನ್ನು.

ಹಾವಿನ ಹೆಸರು ಅಂತ ಹೆದರಬೇಡಿ. ನೆದರ್ಲೆಂಡ್ಸ್‌ನ ಗೀಡೊ ವಾನ್ ರೋಸಮ್ 1989ರ ಕೊನೆಯಲ್ಲಿ ಈ ಭಾಷೆಯ ಕೆಲಸ ಶುರುಮಾಡಿ 1991ರಲ್ಲಿ ಹೊರತಂದರು. ಹೆಸರು ಬಂದದ್ದು ಬಿಬಿಸಿಯ ‘ಮಾಂಟಿ ಪೈಥಾನ್’ ಎಂಬ ಹಾಸ್ಯ ಕಾರ್ಯಕ್ರಮದಿಂದ. ಲ್ಯಾಪ್‌ಟಾಪ್ ಇಲ್ಲದಿದ್ದರೂ ಪರವಾಗಿಲ್ಲ. ಫೋನಿನ ಬ್ರೌಸರ್‌ನಲ್ಲಿ ಗೂಗಲ್ ಕೊಲ್ಯಾಬ್ ತೆರೆದರೆ ಸಾಕು. ಕಾಪಿ-ಪೇಸ್ಟ್ ಬೇಡ, ಪ್ರತಿ ಸಾಲನ್ನೂ ಕೈಯಾರೆ ಟೈಪ್ ಮಾಡಿ.

ಇವತ್ತು ರಾತ್ರಿ ಊಟವಾದ ಮೇಲೆ ಒಂದೇ ಸಾಲು ಬರೆಯಿರಿ: 0.1 ಮತ್ತು 0.2 ಕೂಡಿಸಿ ಪ್ರಿಂಟ್ ಮಾಡು. ರನ್ ಒತ್ತುವ ಮೊದಲು ನಿಮ್ಮ ಉತ್ತರ ಬರೆದಿಡುವುದನ್ನು ಮಾತ್ರ ಮರೆಯಬೇಡಿ.