ಹೆಸರಿಟ್ಟ ವೈದ್ಯ

ವ್ಯಾಧಿಗೆ ತಕ್ಕ ಹೆಸರಿಡುವುದೂ ಚಿಕಿತ್ಸೆಯ ಒಂದು ಅಂಗವೆಂದರೆ ವಾಚಕರು ನಕ್ಕಾರು. ಶಬ್ದಗಳ ಪಾಠ ಹೇಳಿ ಬದುಕುವ ಕನ್ನಡ ಅಧ್ಯಾಪಕನಿಗೆ ಹಾಗೆ ತೋರುವುದು ಸಹಜವೆಂದಾರು. ಆದರೂ ಫ್ರಾನ್ಸಿನ ನರರೋಗತಜ್ಞ ಝಾಂ ಮಾರ್ತ್ಯಾಂ ಶಾರ್ಕೋನ ಜೀವನವನ್ನು ಓದಿದಾಗ ನನಗೆ ಈ ಮಾತಿನಲ್ಲಿ ನಂಬಿಕೆ ಬಲವಾಯಿತು.

ಶಾರ್ಕೋ 1825ರಲ್ಲಿ ಪ್ಯಾರಿಸ್ಸಿನಲ್ಲಿ ಗಾಡಿ ಕಟ್ಟುವವನೊಬ್ಬನ ಮಗನಾಗಿ ಹುಟ್ಟಿದ. 1862ರಲ್ಲಿ ಸಾಲ್ಪೆತ್ರಿಯೇರ್ ಆಸ್ಪತ್ರೆಯ ವೈದ್ಯನಾದ. ದಿಕ್ಕಿಲ್ಲದ ಬಡ ಹೆಂಗಸರು ಸಾವಿರಗಟ್ಟಲೆ ಸೇರಿ ಕೊನೆಗಾಲ ಕಳೆಯುತ್ತಿದ್ದ ಸ್ಥಳವದು. ಅವರ ನಡಿಗೆ, ನಡುಕ, ಮಾತಿನ ತೊದಲುಗಳನ್ನು ಆತ ವರ್ಷಗಟ್ಟಲೆ ಗಮನಿಸಿ ಬರೆದಿಟ್ಟ. ಅವರು ಸತ್ತ ಮೇಲೆ ಮಿದುಳನ್ನೂ ಬೆನ್ನುಹುರಿಯನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಬದುಕಿದ್ದಾಗ ಕಂಡ ಲಕ್ಷಣಗಳೊಡನೆ ಹೊಂದಿಸಿ ನೋಡಿದ.

1865ರಲ್ಲಿ ಆತ ಒಬ್ಬ ಹೆಂಗಸಿನ ವೃತ್ತಾಂತವನ್ನು ಪ್ರಕಟಿಸಿದ. ಆಕೆಯ ಕೈಕಾಲು ನಾಲ್ಕೂ ಸೆಟೆದುಹೋಗಿದ್ದವು. ಆಕೆಯನ್ನು ಹಿಸ್ಟೀರಿಯಾ ರೋಗಿಯೆಂದು ಎಣಿಸಲಾಗಿತ್ತು. ಶವಪರೀಕ್ಷೆಯಲ್ಲಿ ಬೆನ್ನುಹುರಿಯ ಪಕ್ಕದ ತಂತುಗಳು ಗಡುಸಾಗಿದ್ದುದು ಕಂಡಿತು. ಆ ಬಡಪಾಯಿಯ ಸಂಕಟಕ್ಕೆ ದೇಹದೊಳಗೇ ಕಾರಣವಿತ್ತೆಂಬುದಕ್ಕೆ ಸಾಕ್ಷಿ ದೊರೆತದ್ದು ಆಕೆ ತೀರಿಕೊಂಡ ಮೇಲೆ!

1869ರಲ್ಲಿ ಸಹೋದ್ಯೋಗಿ ಜೋಫ್ರುವಾನೊಡನೆ ಮತ್ತಷ್ಟು ಪರೀಕ್ಷಿಸಿದಾಗ, ಸ್ನಾಯುಗಳು ಬತ್ತಿಹೋದವರ ಬೆನ್ನುಹುರಿಯ ಮುಂಭಾಗದ ನರಕೋಶಗಳೂ ನಶಿಸಿದ್ದುದು ತಿಳಿಯಿತು. 1874ರಲ್ಲಿ ಶಾರ್ಕೋ ಈ ವ್ಯಾಧಿಗೆ ಹೆಸರಿಟ್ಟ. ಇಂಗ್ಲಿಷಿನಲ್ಲಿ ಅದು ‘ಅಮಿಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್’. ಕೇಳಲು ಕರ್ಕಶವಾದ ಈ ಪದವನ್ನು ನಮ್ಮ ಸಮಾಸದಂತೆ ಬಿಡಿಸಿ ನೋಡೋಣ. ‘ಅ’ ಎಂದರೆ ಸಂಸ್ಕೃತದಲ್ಲಿರುವಂತೆಯೇ ಗ್ರೀಕಿನಲ್ಲಿಯೂ ‘ಇಲ್ಲ’, ‘ಮಿಯೋ’ ಸ್ನಾಯು, ‘ಟ್ರೋಫಿ’ ಪೋಷಣೆ. ಪೋಷಣೆಯಿಲ್ಲದೆ ಸ್ನಾಯು ಸೊರಗುವುದು, ಬೆನ್ನುಹುರಿಯ ಪಕ್ಕದ ತಂತುಗಳು ಗಡುಸಾಗುವುದು ಎಂದು ಇದರ ವಿಗ್ರಹವಾಕ್ಯ. ಮಿದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ಎರಡು ಬಗೆಯ ಚಾಲಕ ನರಕೋಶಗಳ ನಾಶವೂ ಈ ಒಂದೇ ಸಮಾಸದಲ್ಲಿ ಅಡಗಿದೆ. ಹತ್ತು ವರ್ಷಗಳ ನೋಟವನ್ನು ಮೂರು ಪದಗಳಲ್ಲಿ ಹಿಡಿದಿಡುವುದು ಸಣ್ಣ ಸಾಧನೆಯೆ?

1882ರಲ್ಲಿ ಆತನಿಗಾಗಿಯೇ ನರರೋಗಗಳ ಪ್ರಾಧ್ಯಾಪಕಪೀಠವೊಂದು ಸ್ಥಾಪಿತವಾಯಿತು. ಆತನ ಪಾಠ ಕೇಳಲು ದೇಶದೇಶಗಳಿಂದ ವಿದ್ಯಾರ್ಥಿಗಳು ಬಂದರು. 1885ರಲ್ಲಿ ಬಂದ ತರುಣ ಫ್ರಾಯ್ಡ್ ಅವರಲ್ಲೊಬ್ಬ. ಇಷ್ಟಾದರೂ ಈ ವ್ಯಾಧಿಯಿಂದ ಒಬ್ಬ ರೋಗಿಯನ್ನೂ ಉಳಿಸಿಕೊಳ್ಳಲು ಶಾರ್ಕೋನಿಗೆ ಸಾಧ್ಯವಾಗಲಿಲ್ಲ. ಆತ 1893ರಲ್ಲಿ ತೀರಿಕೊಂಡ.

ಸರಿಯಾಗಿ ನೂರು ವರ್ಷಗಳ ಮೇಲೆ, 1993ರಲ್ಲಿ, ಈ ವ್ಯಾಧಿಗೆ ಕಾರಣವಾಗುವ ಒಂದು ವಂಶವಾಹಿಯ ದೋಷ ಪತ್ತೆಯಾಯಿತು. 1995ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ರಿಲುಜೋಲ್ ಎಂಬ ಔಷಧ ಆಯುಸ್ಸಿಗೆ ಕೆಲವು ತಿಂಗಳು ಸೇರಿಸಿತು. 1993ರಲ್ಲಿ ಕಂಡ ಆ ದೋಷವನ್ನೇ ಗುರಿಯಾಗಿಸಿದ ಟೋಫರ್ಸೆನ್ ಎಂಬ ಮದ್ದಿಗೆ 2023ರಲ್ಲಿ ಅಲ್ಲಿಯೇ ಒಪ್ಪಿಗೆ ದೊರೆಯಿತು. ಪೂರ್ಣ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಆದರೆ ಗುರುತಿಲ್ಲದ ಶತ್ರುವಿನ ಮೇಲೆ ಬಾಣ ಹೂಡುವುದೆಂತು? ಆ ಗುರುತು ಕೊಟ್ಟವನು ಶಾರ್ಕೋ.

ಫ್ರಾನ್ಸಿನಲ್ಲಿ ಇದನ್ನು ‘ಶಾರ್ಕೋ ರೋಗ’ವೆಂದೇ ಕರೆಯುವುದುಂಟು. ಆ ಗೌರವ ಆತನಿಗೆ ಸಲ್ಲತಕ್ಕದ್ದೇ. ಆ ಹೆಸರನ್ನು ಉಚ್ಚರಿಸುವಾಗಲೆಲ್ಲ, ಸಾಲ್ಪೆತ್ರಿಯೇರಿನ ಮಂಚಗಳಲ್ಲಿ ಮಲಗಿ, ಸತ್ತ ಮೇಲೂ ವಿದ್ಯೆಗೆ ಒದಗಿದ ಆ ಅನಾಮಿಕ ಹೆಂಗಸರನ್ನೂ ನಾವು ನೆನೆಯಬೇಕು.